ಬೈತಖೋಲದ ಐಸು, ಅಲ್ ಐನ್‌ನ ಕಂಚು

2025ರ ಜೂನ್ ಮೊದಲ ವಾರ ನಾನು ಕಾರವಾರದಲ್ಲಿದ್ದೆ. ಮಳೆ ಹಿಡಿದಿತ್ತು. ಮಾವನ ಮನೆಯ ಜಗುಲಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಕೆನಡಾದ ಕ್ಯಾಲ್ಗರಿಯ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಸುದ್ದಿ ಬಂತು. ಭಾರತದ ಮಹಿಳೆಯರ ಐಸ್ ಹಾಕಿ ತಂಡ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿದೆ. ಆಟ ನಡೆದದ್ದು ಅರಬ್ ಎಮಿರೇಟ್ಸ್‌ನ ಅಲ್ ಐನ್ ಎಂಬ ಮರಳುಗಾಡಿನ ಊರಿನಲ್ಲಿ. ಮೂರ್ನಾಲ್ಕು ಜನ ಚಪ್ಪಾಳೆ ಹಾಕಿದರು. ಆಮೇಲೆ ಒಬ್ಬರು ಬರೆದರು: "ಕಂಚಿಗೇ ಇಷ್ಟೊಂದು ಗಲಾಟೆನಾ? ಒಟ್ಟು ಎಷ್ಟು ತಂಡ ಇದ್ವು, ಅದನ್ನ ಮೊದಲು ಹೇಳಿ."

ಆಗಲೇ ಉತ್ತರ ಕೊಡೋಣ ಅನಿಸಿತ್ತು. ಕೊಡಲಿಲ್ಲ. ಗುಂಪಿನಲ್ಲಿ ಜಗಳ ಹತ್ತಿದರೆ ಮೊದಲು ಸಿಕ್ಕಿಬೀಳುವವನು ಸಂಘದ ಪತ್ರಿಕೆಯ ಸಂಪಾದಕ, ಅಂದರೆ ನಾನು. ಈಗ ರಾಜ್ಯೋತ್ಸವ ಸಂಚಿಕೆಯಲ್ಲಿ ನನ್ನ ಪುಟ ಖಾಲಿ ಇದೆ. ಆ ಪ್ರಶ್ನೆ ಕೇಳಿದವರು ಈ ಪತ್ರಿಕೆಯನ್ನು ಓದುತ್ತಾರೆ ಅಂತಲೂ ಗೊತ್ತು.

ಅವತ್ತು ಸುದ್ದಿಯನ್ನು ಮಾವನಿಗೂ ಓದಿ ಹೇಳಿದೆ. ಯಾರನ್ನು ಸೋಲಿಸಿದರು, ಎಷ್ಟು ಗೋಲು, ಒಂದನ್ನೂ ಅವರು ಕೇಳಲಿಲ್ಲ. "ಅಲ್ಲಾ ತಮಾ, ಆ ಬಿಸ್ಲಲ್ಲಿ ಐಸ್ ಮಾಡೋರು ಯಾರು?" ಅಂದರು.

ಮಾವ ಕೇಳಬೇಕಾದ ಪ್ರಶ್ನೆಯೇ ಅದು. ಮೂವತ್ತು ವರ್ಷ ಬೈತಖೋಲ ಬಂದರಿನ ಹತ್ತಿರ ಐಸ್ ಪ್ಲಾಂಟ್ ನೋಡಿಕೊಂಡವರು. ನಾವು ಕಾರವಾರದವರು ಹಿಮ ಬೀಳುವುದನ್ನು ಕಂಡಿಲ್ಲ, ನಿಜ. ಆದರೆ ಐಸ್ ಇಲ್ಲದೆ ನಮ್ಮಲ್ಲಿ ಬೋಟು ಕಡಲಿಗೆ ಇಳಿಯುವುದಿಲ್ಲ, ಬಂಗಡೆ ಹುಬ್ಬಳ್ಳಿ ಮುಟ್ಟುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆ 61 ದಿನ ಪ್ಲಾಂಟೂ ಸುಮ್ಮನೆ ಮಲಗುತ್ತದೆ. ಮಾವ ಜಗುಲಿಯಲ್ಲಿ ಸಿಕ್ಕಿದ್ದೂ ಅದಕ್ಕೇ.

ಚಿಕ್ಕವನಿದ್ದಾಗ ರಜೆಯ ಅರ್ಧ ನನಗೆ ಆ ಪ್ಲಾಂಟಿನಲ್ಲೇ ಕಳೆಯುತ್ತಿತ್ತು. ಒಳಗೆ ಕಾಲಿಟ್ಟರೆ ಮೂಗಿಗೆ ಅಮೋನಿಯಾ ಬಡಿಯುತ್ತಿತ್ತು. ನೆಲದ ತುಂಬ ಮರದ ಮುಚ್ಚಳ, ಕೆಳಗೆ ದೊಡ್ಡ ತೊಟ್ಟಿ. ತೊಟ್ಟಿಯಲ್ಲಿ ಉಪ್ಪುನೀರು. ಅದು ಸೊನ್ನೆಗಿಂತ ಕೆಳಗಿಳಿದರೂ ಗಟ್ಟಿಯಾಗುವುದಿಲ್ಲ. ಅದರೊಳಗೆ ಸಾಲುಸಾಲು ತಗಡಿನ ಕ್ಯಾನು, ಕ್ಯಾನಿನಲ್ಲಿ ಸಿಹಿನೀರು. ಒಂದು ದಿನ ಕಳೆಯುವ ಹೊತ್ತಿಗೆ ಸಿಹಿನೀರು ಗಡ್ಡೆ. ಕ್ಯಾನನ್ನು ಸರಪಳಿಯಲ್ಲಿ ಎತ್ತಿ, ಸಾದಾ ನೀರಿನಲ್ಲಿ ಒಂದು ಸಲ ಅದ್ದಿ ಓರೆ ಮಾಡಿದರೆ ಗಡ್ಡೆ ಜಾರಿ ಹೊರಗೆ ಬರುತ್ತಿತ್ತು. ಅಂಚು ಗಾಜಿನ ಹಾಗೆ, ನಡುವೆ ಮಾತ್ರ ಬೆಳ್ಳಗೆ. ಕೊಕ್ಕೆ ಹಾಕಿ ಎಳೆದು ಹಲಗೆಯ ಇಳಿಜಾರಿಗೆ ಬಿಟ್ಟರೆ ಸುಂಯ್ ಅಂತ ಹೋಗಿ ಲಾರಿಯ ಬಾಯಿಗೆ ನಿಲ್ಲುತ್ತಿತ್ತು.

ಎಂಟನೇ ಕ್ಲಾಸಿನ ರಜೆಯಲ್ಲಿ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ, ಗಡ್ಡೆಯ ಮೇಲೆ ಒದ್ದೆ ಗೋಣಿಚೀಲ ಹಾಸಿ ನಾನೇ ಕೂತು ಜಾರಿದೆ. ಲಾರಿ ಇರಲಿಲ್ಲ, ಮೀನಿನ ಬುಟ್ಟಿಗಳಿದ್ದವು. ಮಂಡಿ ಒಡೆಯಿತು. ಮಾವನಿಂದ ಬೆನ್ನಿಗೂ ಎರಡು ಬಿತ್ತು. ಮೈಯ ತಾರ್ಲೆ ವಾಸನೆ ಎರಡು ದಿನ ಹೋಗಲಿಲ್ಲ.

ಮುಂದೆ ಶಿವ ಕೇಶವನ್ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಅದೇ ಹಲಗೆ. ಮನಾಲಿ ಹತ್ತಿರದ ಹುಡುಗ. 1998ರಲ್ಲಿ ಜಪಾನಿನ ನಗಾನೊ ಒಲಿಂಪಿಕ್ಸ್‌ಗೆ ಹೋದಾಗ ಹದಿನಾರು ವರ್ಷ. ಅವರ ಆಟ ಲ್ಯೂಜ್, ಅಂದರೆ ಪುಟ್ಟ ಜಾರುಬಂಡಿಯ ಮೇಲೆ ಅಂಗಾತ ಮಲಗಿ, ಐಸಿನ ಕಾಲುವೆಯಲ್ಲಿ ಕಾಲು ಮುಂದೆ ಮಾಡಿ ಜಾರುವುದು. ನಮ್ಮ ದೇಶದಲ್ಲಿ ಅಂಥ ಕಾಲುವೆಯೇ ಇರಲಿಲ್ಲ. ಅದಕ್ಕೆ ಬಂಡಿಗೆ ಗಾಲಿ ಹಾಕಿಸಿಕೊಂಡು ಹಿಮಾಲಯದ ಡಾಂಬರು ರಸ್ತೆಯಲ್ಲಿ, ಲಾರಿ ಮತ್ತು ಕುರಿಮಂದೆಗಳ ನಡುವೆ ಅಭ್ಯಾಸ ಮಾಡಿದರು. ಹಾಗೆ ಮಾಡಿಯೇ 2018ರವರೆಗೆ ಆರು ಒಲಿಂಪಿಕ್ಸ್. ಅವುಗಳಲ್ಲಿ 2006ರ ಟೂರಿನ್‌ನ 25ನೇ ಸ್ಥಾನವೇ ಮೇಲಿನದು. ನನ್ನ ಒಂದು ಮಂಡಿಯ ಲೆಕ್ಕದಲ್ಲಿ ನೋಡಿದರೆ 25 ಬಹಳ ದೊಡ್ಡ ಸ್ಥಾನ.

ಮಾವನ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಕ್ಯಾಲ್ಗರಿಯಲ್ಲಿ ಮಗಳನ್ನು ಸ್ಕೇಟಿಂಗ್‌ಗೆ ಬಿಟ್ಟು ಕಾಯುವಾಗ ರಿಂಕ್, ಅಂದರೆ ಸ್ಕೇಟಿಂಗ್ ಮಾಡುವ ಐಸಿನ ಅಂಗಳ, ನೋಡಿಕೊಳ್ಳುವವರ ಜೊತೆ ಮಾತಿಗೆ ಬಿದ್ದಿದ್ದೆ. ಹೊರಗೆ ಮೈನಸ್ 25 ಇದ್ದರೂ ಒಳಗಿನ ಐಸು ಮೆಷಿನ್ನಿನದ್ದೇ ಅಂದರು. ಕಾಂಕ್ರೀಟ್ ನೆಲದೊಳಗೆ ಪೈಪುಗಳ ಸಾಲು. ಪೈಪಿನಲ್ಲಿ ತಣ್ಣಗಿನ ಉಪ್ಪುನೀರು. ಅದನ್ನು ತಣ್ಣಗೆ ಮಾಡುವುದು ಅಮೋನಿಯಾ. ಮೇಲೆ ಸಿಹಿನೀರು ಚಿಮುಕಿಸಿ ಪದರ ಪದರವಾಗಿ ಕಟ್ಟುತ್ತಾರೆ. ಇದನ್ನು ಹೇಳಿದಾಗ ಮಾವ ಚಹಾ ಲೋಟ ಕೆಳಗಿಟ್ಟರು. "ಹಂಗಾರೆ ನಮ್ಮ ಪ್ಲಾಂಟನ್ನೇ ಮಗುಚಿ ಹಾಕಿದಾರೆ ಬಿಡು. ನಾವು ಕಡಿದು ಮಾರ್ತೇವೆ, ಅವರು ಮೇಲೆ ಆಡ್ತಾರೆ." ಸ್ವಲ್ಪ ತಡೆದು, "ಕರೆಂಟ್ ಬಿಲ್ಲು ಯಾರು ಕಟ್ತಾರೆ?" ಅಂದರು.

ಗುಂಪಿನಲ್ಲಿ ಪ್ರಶ್ನೆ ಎತ್ತಿದವರಿಗೆ ನಾನು ಹೇಳಬೇಕಾದದ್ದೂ ಇಷ್ಟೇ: ಈ ಆಟಕ್ಕೆ ಹಿಮ ಬೀಳುವ ದೇಶ ಬೇಕಿಲ್ಲ, ಐಸ್ ಮಾಡುವ ಮೆಷಿನ್ನು, ಅದರ ಬಿಲ್ಲು ಕಟ್ಟುವವರು ಬೇಕು. ನಮ್ಮದು ಬಿಸಿಲಿನ ದೇಶ, ಹಿಮದ ಆಟದಲ್ಲಿ ಸೋತರೆ ಏನಾಯಿತು ಎಂದು ನಾವು ಬೆನ್ನು ತಟ್ಟಿಕೊಳ್ಳುತ್ತೇವೆ. ಅಲ್ ಐನ್‌ನಲ್ಲಿ ಚಿನ್ನ ಗೆದ್ದವರು ಯಾರು ಗೊತ್ತಾ? ಫಿಲಿಪೀನ್ಸ್. ತೆಂಗಿನಮರ, ಕಡಲು, ಮಳೆ, ಸೆಕೆ. ನಮ್ಮ ಅಂಕೋಲಾ, ಕುಮಟಾದ ದೊಡ್ಡಪ್ಪನ ಮನೆಯ ಹಾಗಿರುವ ದೇಶ. ಹಿಮ ಬೀಳುವುದೇ ಇಲ್ಲ. ಅಲ್ಲಿ ರಿಂಕ್ ಇರುವುದು ಮನಿಲಾದ ಮಾಲ್‌ಗಳೊಳಗೆ. ಜನ ಸಾಮಾನು ಕೊಳ್ಳುತ್ತಾರೆ, ಮಕ್ಕಳು ಸ್ಕೇಟ್ ಕಟ್ಟಿಕೊಳ್ಳುತ್ತಾರೆ. ವರ್ಷಪೂರ್ತಿ ಬಾಗಿಲು ತೆರೆದಿರುತ್ತದೆ.

ಇದೇ ಫಿಲಿಪೀನ್ಸ್ ತಂಡವನ್ನು 2017ರಲ್ಲಿ ಬ್ಯಾಂಕಾಕ್‌ನಲ್ಲಿ ನಮ್ಮ ಹುಡುಗಿಯರು 4-3ರಿಂದ ಸೋಲಿಸಿದ್ದರು. ಅಂತಾರಾಷ್ಟ್ರೀಯ ಪಂದ್ಯದಲ್ಲಿ ನಮ್ಮ ಮಹಿಳಾ ತಂಡದ ಮೊದಲ ಗೆಲುವು ಅದು. ಆಮೇಲೆ ಮಲೇಷ್ಯಾವನ್ನೂ 5-4ರಿಂದ ಸೋಲಿಸಿದರು. ಎಂಟು ವರ್ಷ ಕಳೆದ ಮೇಲೆ ಅವರಿಗೆ ಚಿನ್ನ, ನಮಗೆ ಕಂಚು. ಕಂಚಿನ ಖುಷಿ ನನಗೂ ಇದೆ, ಆದರೆ ಈ ಲೆಕ್ಕ ಚುಚ್ಚುತ್ತದೆ.

ನಮ್ಮ ತಂಡದಲ್ಲಿ ಬಹುತೇಕರು ಲಡಾಖಿನವರು. ಅವರ ರಿಂಕ್ ಅಂದರೆ ಚಳಿಗೆ ಹೆಪ್ಪುಗಟ್ಟಿದ ಕೆರೆ. ಹೆಚ್ಚೆಂದರೆ ವರ್ಷಕ್ಕೆ ಎರಡು ತಿಂಗಳು. ಬಿಸಿಲು ಏರಿತೋ ಆಟ ಮುಗಿಯಿತು. ನಮ್ಮ ಬೋಟುಗಳಿಗೆ ಎರಡು ತಿಂಗಳು ರಜೆ, ಅವರ ಸ್ಕೇಟಿಗೆ ಹತ್ತು ತಿಂಗಳು. ಬ್ಯಾಂಕಾಕ್‌ಗೆ ಹೋಗಲು ದುಡ್ಡಿಲ್ಲದೆ ಜನರ ಹತ್ತಿರ ಚಂದಾ ಎತ್ತಿದ್ದರು. ಚಂದಾ ಎತ್ತುವ ಕಷ್ಟ ನಮ್ಮ ಖಜಾಂಚಿಯವರನ್ನು ಕೇಳಬೇಕು.

ಕಟ್ಟಿದ ರಿಂಕ್ ನಮ್ಮಲ್ಲಿ ಇರಲೇ ಇಲ್ಲವಾ? ಇತ್ತು. 2011ರ ಜನವರಿಯಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಡೆಹ್ರಾಡೂನಿನಲ್ಲಿ ಒಳ್ಳೆಯ ಒಳಾಂಗಣ ರಿಂಕ್ ಕಟ್ಟಿದರು. ಕೂಟ ಮುಗಿಯಿತು, ಬೀಗ ಬಿತ್ತು. ವರ್ಷಗಟ್ಟಲೆ ಹಾಗೇ ಇತ್ತು. ಮತ್ತೆ ಸರಿಯಾಗಿ ಜೀವ ಬಂದದ್ದು 2025ರಲ್ಲಿ. ಆಗಸ್ಟ್‌ನಲ್ಲಿ ಅಲ್ಲಿ ಏಷ್ಯಾದ ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್ ಸ್ಪರ್ಧೆ ನಡೆಯಿತು. ಆ ಹೊತ್ತಿಗೆ, 2011ರಲ್ಲಿ ಅಲ್ಲಿ ಸ್ಕೇಟ್ ಕಟ್ಟಿದ ಹತ್ತು ವರ್ಷದ ಮಗುವಿಗೆ ಇಪ್ಪತ್ತನಾಲ್ಕು ಆಗಿರುತ್ತದೆ. ಐಸ್ ಪ್ಲಾಂಟನ್ನು ಒಂದು ವಾರ ನಿಲ್ಲಿಸಿದರೆ ಬೋಟಿನವರು ಬೇರೆ ಬಂದರಿಗೆ ಹೋಗುತ್ತಾರೆ, ವಾಪಸ್ ಕರೆಯುವುದು ಕಷ್ಟ ಅಂತ ಮಾವ ಹೇಳುತ್ತಿದ್ದರು. ಮಕ್ಕಳೂ ಹಾಗೇ. ಬೇರೆ ಆಟಕ್ಕೆ ಹೋಗುತ್ತಾರೆ.

ಉಳಿದ ಫಲಿತಾಂಶಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2025ರ ಫೆಬ್ರವರಿಯಲ್ಲಿ ಚೀನಾದ ಹಾರ್ಬಿನ್‌ನಲ್ಲಿ ನಡೆದ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ನಮಗೆ ಒಂದೂ ಪದಕ ಇಲ್ಲ. ಮಾರ್ಚ್‌ನಲ್ಲಿ ಬೌದ್ಧಿಕ ಸವಾಲಿರುವ ಆಟಗಾರರ ಸ್ಪೆಷಲ್ ಒಲಿಂಪಿಕ್ಸ್ ಟೂರಿನ್‌ನಲ್ಲಿ ನಡೆಯಿತು. ಅಲ್ಲಿ 33 ಪದಕ, ಅದರಲ್ಲಿ 8 ಚಿನ್ನ. ಇದನ್ನು ನಮ್ಮ ಗುಂಪಿನಲ್ಲಿ ಒಬ್ಬರೂ ಹಾಕಲಿಲ್ಲ. ನಾನೂ ಹಾಕಲಿಲ್ಲ. ಆಮೇಲೆ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ. ದಕ್ಷಿಣ ಅಮೆರಿಕದ ಚಿಲಿಯಲ್ಲಿ 5 ಕಿ.ಮೀ. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕಂಚು ತಂದರು. ಕಾಫಿ ತೋಟದ ಸೀಮೆಯಿಂದ ಹೊರಟು ಹಿಮದ ಮೇಲೆ ಪದಕ! ಇದಕ್ಕೆ ಮಾತ್ರ ಗುಂಪಿನಲ್ಲಿ ಚಪ್ಪಾಳೆ ಜಾಸ್ತಿ ಬಿತ್ತು. ಕರ್ನಾಟಕ ಅಂದ ಕೂಡಲೇ ಬೆರಳು ತಾನಾಗಿ ಓಡುತ್ತದೆ, ಅಲ್ವಾ?

ಫಲಿತಾಂಶದ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ನನ್ನ ಅಭ್ಯಾಸ. ನಮ್ಮವರು ಬೇಗ ಸಿಗುತ್ತಾರೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನ ಜಯಂಟ್ ಸ್ಲಾಲಮ್‌ನಲ್ಲಿ, ಅಂದರೆ ನೆಟ್ಟ ಕಂಬಗಳನ್ನು ಬಳಸುತ್ತ ಸ್ಕೀ ಮೇಲೆ ಗುಡ್ಡ ಇಳಿಯುವ ಆಟದಲ್ಲಿ, ಕಾಶ್ಮೀರದ ಆರಿಫ್ ಖಾನ್ 45ನೆಯವರು. ಎರಡು ಓಟ ಸೇರಿ 2 ನಿಮಿಷ 47.24 ಸೆಕೆಂಡು. ಗೆದ್ದ ಸ್ವಿಟ್ಜರ್‌ಲೆಂಡಿನ ಓಡರ್ಮಾಟ್‌ಗಿಂತ 37.89 ಸೆಕೆಂಡು ಹಿಂದೆ. ಇಷ್ಟು ಓದಿದರೆ ನಗು ಬರಬಹುದು. ಆದರೆ ಅವತ್ತು ಎದುರು ಕಾಣದಷ್ಟು ಹಿಮ ಬೀಳುತ್ತಿತ್ತು. ಹೊರಟವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಕೊನೆ ಮುಟ್ಟಲೇ ಇಲ್ಲ. ಆರಿಫ್ ಎರಡು ಸಲವೂ ಮುಟ್ಟಿದರು.

ನಮ್ಮ ಊರಿನದ್ದೇ ಇನ್ನೊಂದು. ಊರು ಅಂದರೆ ಈಗ ಕ್ಯಾಲ್ಗರಿ. 1988ರ ಒಲಿಂಪಿಕ್ಸ್ ಇಲ್ಲೇ ಆಯಿತು. ಸ್ಕೀ ಜಿಗಿತದಲ್ಲಿ ಕೊನೆಗೆ ಬಂದ ಇಂಗ್ಲೆಂಡಿನ ಎಡ್ಡಿ, ಐಸಿನ ಕಾಲುವೆಯಲ್ಲಿ ಜಾರುಬಂಡಿ ಮಗುಚಿದ ಜಮೈಕಾ ತಂಡ, ಎರಡನ್ನೂ ಇಲ್ಲಿನ ಹಳಬರು ಇವತ್ತಿಗೂ ನೆನೆಯುತ್ತಾರೆ. ಅದೇ ಕೂಟದ ಮಹಿಳೆಯರ ಸ್ಲಾಲಮ್‌ನಲ್ಲಿ 28ನೆಯವರಾಗಿ ಬಂದ ಶೈಲಜಾ ಕುಮಾರ್ ಯಾರಿಗೂ ನೆನಪಿಲ್ಲ. ಚಳಿಗಾಲದ ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಮಹಿಳೆ ಅವರು. ಆ ಸ್ಪರ್ಧೆ ನಡೆದ ನಕಿಸ್ಕಾ ಗುಡ್ಡಕ್ಕೆ ನಮ್ಮ ಸಂಘದವರು ಪಿಕ್ನಿಕ್ ಹೋಗಿ ಚುರುಮುರಿ ತಿಂದು ಬಂದಿದ್ದೇವೆ. ನನಗೂ ಆಗ ಈ ಸಂಗತಿ ಗೊತ್ತಿರಲಿಲ್ಲ.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2018ರ ನವೆಂಬರಿನಲ್ಲಿ ಈ ಐಸ್ ಹಾಕಿ ಹುಡುಗಿಯರು ಕ್ಯಾಲ್ಗರಿಗೇ ಬಂದಿದ್ದರು. ಕೆನಡಾದ ದೊಡ್ಡ ಆಟಗಾರ್ತಿ ಹೇಲಿ ವಿಕನ್‌ಹೈಸರ್ ಅದೇ ವರ್ಷ ಲಡಾಖಿಗೆ ಹೋಗಿ, ಅವರಿಗೆ ಆಡುವ ಸಾಮಾನು ಕೊಟ್ಟು, ಆಟ ಕಲಿಸಿ ಬಂದಿದ್ದರು. ಆಮೇಲೆ ತಮ್ಮ ಹಾಕಿ ಹಬ್ಬಕ್ಕೆ ಇಲ್ಲಿಗೆ ಕರೆಸಿದರು. ನಮ್ಮ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ನಾನು ಹೋಗಲಿಲ್ಲ. ಆ ಶನಿವಾರ ರಾಜ್ಯೋತ್ಸವದ ನಾಟಕದ ರಿಹರ್ಸಲ್ ಇತ್ತು, ನನ್ನದು ಎರಡು ಮಾತಿನ ಸೇವಕನ ಪಾತ್ರ. ಲೇಹ್‌ನಿಂದ ಅಷ್ಟು ದೂರ ಬಂದವರು ಇಲ್ಲಿ ಐಸಿನ ಮೇಲೆ ಇಳಿದಾಗ ಕೂಗಲು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಈಗ ಕಂಚಿನ ಮೇಲೆ ಚರ್ಚೆ ಮಾಡುತ್ತಿದ್ದೇವೆ.

ಆಗಸ್ಟ್ ಶುರುವಾದ ಕೂಡಲೇ ಮಾವ ಒಂದು ವಿಡಿಯೋ ಕಳಿಸಿದರು. ನಿಷೇಧ ಮುಗಿದು ಪ್ಲಾಂಟ್ ಚಾಲೂ ಆಗಿದೆ. ಹೊಸ ಗಡ್ಡೆಯೊಂದು ಹಲಗೆಯ ಮೇಲೆ ಸುಂಯ್ ಅಂತ ಇಳಿಯುತ್ತದೆ, ಯಾರೋ ಕೊಂಕಣಿಯಲ್ಲಿ ಬಾಜೂ ಸರಿ ಅಂತ ಕೂಗುತ್ತಾರೆ, ಗಡ್ಡೆ ಲಾರಿಗೆ ತಾಗಿ ನಿಲ್ಲುತ್ತದೆ. ಕೆಳಗೆ ಮಾವನ ದನಿ: "ತಮಾ, ಇದು ಎಷ್ಟನೇ ನಂಬರ್ ಬಂತು ನೋಡು."