ಗಡಿಬಿಡಿಯೇ ಇಲ್ಲದ ಪೆಂಡಲ್‌ಬರಿ

ಸಂಪಾದಕರೇ,

ಮೆಲ್ಬರ್ನ್ ಮೈದಾನ ಅಂದರೆ ನಿಮ್ಮ ಕ್ರೀಡಾಪುಟಕ್ಕೆ ಬಾಕ್ಸಿಂಗ್ ಡೇ ಟೆಸ್ಟ್ ಅಷ್ಟೇ. ಆದರೆ ಸೆಪ್ಟೆಂಬರ್ ಕೊನೆಗೆ ಅಲ್ಲಿ ಲಕ್ಷ ಜನ ಸೇರುವುದು ಕ್ರಿಕೆಟ್‌ಗಲ್ಲ, ಫುಟಿಗೆ. ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ಗೆ. ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಅದು ಸುಮ್ನೆ ನೂಕುನುಗ್ಗಲು ಅನ್ನಿಸಿತ್ತು. ಆಟ ಅರ್ಥವಾಗಿದ್ದು ಕಾಲಿಂಗ್‌ವುಡ್ ತಂಡದ ಸ್ಕಾಟ್ ಪೆಂಡಲ್‌ಬರಿಯನ್ನು ನೋಡಿದ ಮೇಲೆ.

ಈತ ಮಿಡ್‌ಫೀಲ್ಡರ್. ಈ ಆಟದಲ್ಲಿ ಚೆಂಡು ಎಸೆಯುವ ಹಾಗಿಲ್ಲ. ಒದೆಯಬೇಕು, ಇಲ್ಲವೇ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಮುಷ್ಟಿಯಿಂದ ಗುದ್ದಬೇಕು. ಚೆಂಡು ಇಟ್ಟುಕೊಂಡೇ ಸಿಕ್ಕಿಬಿದ್ದರೆ ಎದುರಾಳಿಗೆ ಫ್ರೀ ಕಿಕ್. ಹಾಗಾಗಿ ಮೈದಾನದ ಮಧ್ಯೆ ಚೆಂಡು ಸಿಕ್ಕವರಲ್ಲಿ ಜಾಸ್ತಿ ಜನ ಕೈಗೆ ಕೆಂಡ ಬಿದ್ದ ಹಾಗೆ ಎತ್ತಲೋ ಒದ್ದುಬಿಡುತ್ತಾರೆ. ಪೆಂಡಲ್‌ಬರಿ ಮಾತ್ರ ಒಂದು ಗಳಿಗೆ ತಡೆಯುತ್ತಾನೆ, ಸುತ್ತ ನಾಲ್ಕು ಜನ ಇದ್ದರೂ ಒದೆಯುವ ಹಾಗೆ ನಟಿಸಿ, ಮೈಮೇಲೆ ಬಿದ್ದವನು ಆಚೆ ಜಾರಿ ಹೋಗುವವರೆಗೆ ಕಾದು, ಆಮೇಲೆ ಎಡಗಾಲಲ್ಲಿ ಖಾಲಿ ಇರುವ ಜೊತೆಗಾರನಿಗೆ ದಾಟಿಸುತ್ತಾನೆ.

ಅದು ಬ್ಯಾಸ್ಕೆಟ್‌ಬಾಲ್ ಕಲಿಸಿದ ತಾಳ್ಮೆ. ವಿಕ್ಟೋರಿಯಾದ ಸೇಲ್ ಅನ್ನುವ ಊರಿನ ಈ ಹುಡುಗನಿಗೆ ದೇಶದ ದೊಡ್ಡ ಕ್ರೀಡಾಸಂಸ್ಥೆಯಲ್ಲಿ ಬ್ಯಾಸ್ಕೆಟ್‌ಬಾಲ್ ಸ್ಕಾಲರ್‌ಶಿಪ್ ಸಿಕ್ಕಿತ್ತು, ಫುಟಿಗಾಗಿ ಬಿಟ್ಟು ಬಂದ. ಆ ಜಾಗಕ್ಕೆ ಹೋದ ಪ್ಯಾಟಿ ಮಿಲ್ಸ್ 2014ರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಚಾಂಪಿಯನ್ ಆದ. ಇಬ್ಬರಿಗೂ ಲಾಭವೇ ಆಯ್ತು ಬಿಡಿ.

2005ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ, ಕಾಲಿಂಗ್‌ವುಡ್ ಈತನನ್ನು 5ನೆಯವನಾಗಿ ಆರಿಸಿಕೊಂಡಿತು. 2010ರ ಫೈನಲ್ ಸೇಂಟ್ ಕಿಲ್ಡಾ ವಿರುದ್ಧ 68-68 ಸಮ ಆಯ್ತು. ಆಗ ಹೆಚ್ಚುವರಿ ಸಮಯ ಅಂತ ಇರಲಿಲ್ಲ, ವಾರ ಬಿಟ್ಟು ಇಡೀ ಪಂದ್ಯ ಮತ್ತೆ ಆಡಬೇಕು! ಎರಡನೇ ಸಲ ಕಾಲಿಂಗ್‌ವುಡ್ 56 ಅಂಕಗಳಿಂದ ಗೆದ್ದಿತು, ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ 22ರ ಪೆಂಡಲ್‌ಬರಿಗೆ ಸಿಕ್ಕಿತು.

2014ರಿಂದ 2022ರವರೆಗೆ ನಾಯಕ. 2018ರ ಫೈನಲ್‌ನಲ್ಲಿ ವೆಸ್ಟ್ ಕೋಸ್ಟ್ ಎದುರು 5 ಅಂಕಗಳಿಂದ ಸೋಲು. ಒಂದು ಗೋಲಿಗೇ 6 ಅಂಕ, ಹೊಟ್ಟೆ ಉರಿಯುತ್ತೆ ಅಲ್ವಾ? ಆಮೇಲೆ ನಾಯಕತ್ವವನ್ನು ಡಾರ್ಸಿ ಮೂರ್‌ಗೆ ಬಿಟ್ಟುಕೊಟ್ಟು, 2023ರಲ್ಲಿ 35ರ ವಯಸ್ಸಲ್ಲಿ ಸಾಮಾನ್ಯ ಆಟಗಾರನಾಗಿ ಆಡಿದ. ಆ ವರ್ಷದ ಫೈನಲ್‌ನಲ್ಲಿ ಬ್ರಿಸ್ಬೇನ್ ವಿರುದ್ಧ 4 ಅಂಕಗಳ ಗೆಲುವು. 2024ರಲ್ಲಿ 400ನೇ ಪಂದ್ಯ. ಅಷ್ಟು ಆಡಿದವರಲ್ಲಿ ಈತ ಆರನೆಯವನು.

ಇಷ್ಟಾದರೂ ವರ್ಷದ ಅತ್ಯುತ್ತಮ ಆಟಗಾರನ ಬ್ರೌನ್‌ಲೋ ಪದಕ ಮಾತ್ರ ಕೈಗೆ ಬರಲೇ ಇಲ್ಲ. ಅದು ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತೆ.

ಮುಂದಿನ ಸೆಪ್ಟೆಂಬರ್‌ನಲ್ಲಿ ಫುಟಿಗೆ ಕಾಲು ಪುಟ ಕೊಡಿ. ಫೋಟೋ ಹಾಕುವುದಾದರೆ ಗೋಲು ಹೊಡೆದವನದ್ದು ಬೇಡ, ಅವನಿಗೆ ಚೆಂಡು ಕೊಟ್ಟವನದ್ದು ಹಾಕಿ.

ಇಂತಿ,
ನಿಮ್ಮ ಓದುಗ, ಮೆಲ್ಬರ್ನ್