12 ಗಂಟೆ ಬೆಳಕಿನ ತಪ್ಪು ಸೂಚನೆ: ಗಿಡಗಳ ಅಕ್ವೇರಿಯಂ ಕಿಟ್ ಕುರಿತು ದೂರು

ಇಂದ:
ತಮ್ಮ ಗ್ರಾಹಕಿ,
ವಿದ್ಯಾನಗರ, ದಾವಣಗೆರೆ

ಗೆ:
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು,
ಅಕ್ವೇರಿಯಂ ಕಿಟ್ ಮಾರಾಟ ವಿಭಾಗ, ಬೆಂಗಳೂರು

ದಿನಾಂಕ: 12-05-2025

ವಿಷಯ: ಕಿಟ್‌ನ ಲೈಟಿನ ಬಳಕೆ ಕುರಿತ ತಪ್ಪು ಸೂಚನೆ ಮತ್ತು ಪಾಚಿನಾಶಕದಿಂದ ಆದ ನಷ್ಟ.

ಮಾನ್ಯರೇ,

ಹೊಸಬರಿಗೆಂದೇ ಸಿದ್ಧಪಡಿಸಿದ್ದು ಎಂದು ತಾವು ಜಾಹೀರಾತು ಕೊಟ್ಟಿರುವ ಗಿಡಗಳ ಅಕ್ವೇರಿಯಂ ಕಿಟ್ ಅನ್ನು ಕಳೆದ ಜನವರಿ 18ರಂದು ತಮ್ಮ ಜಾಲತಾಣದ ಮೂಲಕ 8,450 ರೂಪಾಯಿ ಕೊಟ್ಟು ತರಿಸಿಕೊಂಡೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ, ಸುಮಾರು 55 ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿ, 36 ವ್ಯಾಟ್‌ನ ಎಲ್‌ಇಡಿ ಲೈಟು, ಫಿಲ್ಟರು, ಒಂದು ಬಾಟಲಿ ದ್ರವ ಗೊಬ್ಬರ, ಜೊತೆಗೆ ಅನುಬಿಯಾಸ್, ಜಾವಾ ಫರ್ನ್ ಮತ್ತು ಕ್ರಿಪ್ಟೋಕೋರೈನ್ ಗಿಡಗಳು ಅದರಲ್ಲಿದ್ದವು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ನಮ್ಮ ಮಾವನವರು ಹಗಲೆಲ್ಲ ನಡುಮನೆಯಲ್ಲೇ ಕೂರಬೇಕಾಗಿರುವುದರಿಂದ, ಅವರ ಕಣ್ಣೆದುರಿಗೆ ಒಂದಿಷ್ಟು ಹಸಿರು ಮತ್ತು ಓಡಾಡುವ ಜೀವ ಇರಲಿ ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು.

ನಾನು ಈ ಕೆಲಸಕ್ಕೆ ಪೂರ್ತಿ ಹೊಸಬಳಾದ್ದರಿಂದ ತಮ್ಮ ಕೈಪಿಡಿಯನ್ನು ಅಕ್ಷರಶಃ ಪಾಲಿಸಿದೆ. ನಾಲ್ಕು ವಾರ ಮೀನು ಬಿಡದೆ ಕಾದೆ. ಆ ಅವಧಿಯಲ್ಲಿ ಗಾಜಿನ ಮೇಲೆ ಕಂದು ಬಣ್ಣದ ಧೂಳಿನಂಥ ಪದರ ಕಟ್ಟಿತು. ಹೊಸ ತೊಟ್ಟಿಯಲ್ಲಿ ಅದು ಸಹಜವಾಗಿ ಬಂದು ತಾನಾಗಿಯೇ ಹೋಗುತ್ತದೆ ಎಂದು ಈಗ ತಿಳಿದಿದೆ, ಅದರ ಬಗ್ಗೆ ನನ್ನ ದೂರಿಲ್ಲ. ನನ್ನ ದೂರು ಇರುವುದು ಕೈಪಿಡಿಯ ಮೂರನೆಯ ಪುಟದಲ್ಲಿರುವ ‘ಗಿಡಗಳು ಚೆನ್ನಾಗಿ ಬೆಳೆಯಲು ಲೈಟನ್ನು ದಿನಕ್ಕೆ 12 ಗಂಟೆ ಹಚ್ಚಿಡಿ’ ಎಂಬ ವಾಕ್ಯದ ಬಗ್ಗೆ. ಬೆಳಿಗ್ಗೆ ಎಂಟಕ್ಕೆ ಹಚ್ಚಿ ರಾತ್ರಿ ಎಂಟಕ್ಕೆ ಆರಿಸುತ್ತಾ ಬಂದ ನನ್ನ ತೊಟ್ಟಿಯಲ್ಲಿ ಫೆಬ್ರವರಿಯ ಕೊನೆಗೆ ಅನುಬಿಯಾಸ್ ಎಲೆಗಳ ಮೇಲೆ ಉಜ್ಜಿದರೂ ಬಿಡದ ಹಸಿರು ಚುಕ್ಕೆಗಳು ಕಾಣಿಸಿಕೊಂಡವು. ಮಾರ್ಚ್ ಮೊದಲ ವಾರದ ಹೊತ್ತಿಗೆ ನೂಲಿನಂಥ ಪಾಚಿ ಜಾವಾ ಫರ್ನ್ ಗಿಡವನ್ನೇ ಮುಚ್ಚಿಹಾಕಿತು.

ಮಾರ್ಚ್ 10ರಂದು ತಮ್ಮ ಸಹಾಯವಾಣಿಗೆ ಕರೆ ಮಾಡಿದಾಗ ಮೂರು ಸಲಹೆಗಳು ಸಿಕ್ಕವು. ಗಿಡಗಳು ಪಾಚಿಯನ್ನು ಮೀರಿ ಬೆಳೆಯುವಂತೆ ಗೊಬ್ಬರವನ್ನು ಎರಡರಷ್ಟು ಮಾಡಬೇಕು. ಕೆರೆಗಳಲ್ಲೂ 12 ಗಂಟೆ ಬೆಳಕಿರುತ್ತದೆಯಾದ್ದರಿಂದ ಲೈಟಿನ ಅವಧಿ ಇಳಿಸಬಾರದು. ತಮ್ಮದೇ ಪಾಚಿನಾಶಕವನ್ನು 620 ರೂಪಾಯಿಗೆ ಕೊಳ್ಳಬೇಕು. ಮೂರನ್ನೂ ಮಾಡಿದೆ.

ಕೆರೆಯ ಹೋಲಿಕೆ ಎಲ್ಲಿ ತಪ್ಪುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ತಮ್ಮ ಸಿಬ್ಬಂದಿ ಅದನ್ನು ಬಹಳ ವಿಶ್ವಾಸದಿಂದ ಹೇಳುತ್ತಾರೆ. ಕೆರೆಯ ಮೇಲೆ ಬೀಳುವ ಬಿಸಿಲು ಬೆಳಿಗ್ಗೆ ಎಳೆಯದಾಗಿದ್ದು ಮಧ್ಯಾಹ್ನಕ್ಕೆ ಏರಿ ಸಂಜೆಗೆ ಇಳಿಯುತ್ತದೆ. ತಮ್ಮ ಲೈಟು ಹಚ್ಚಿದ ಕ್ಷಣದಿಂದ ಆರಿಸುವ ಕ್ಷಣದವರೆಗೆ ಪೂರ್ಣ ಪ್ರಖರತೆಯಲ್ಲೇ ಉರಿಯುತ್ತದೆ, ಅದನ್ನು ತಗ್ಗಿಸುವ ಗುಂಡಿಯಾಗಲಿ ಟೈಮರ್ ಆಗಲಿ ಅದರಲ್ಲಿಲ್ಲ. ಮೇಲಾಗಿ ತಾವು ಕೊಟ್ಟ ಗಿಡಗಳಾದರೂ ಬಯಲು ಕೆರೆಯವಲ್ಲ. ಅನುಬಿಯಾಸ್ ಆಫ್ರಿಕಾದ ಕಾಡುಗಳ ತೊರೆಯಂಚಿನದು, ಜಾವಾ ಫರ್ನ್ ಏಷ್ಯಾದ ಕಾಡುತೊರೆಗಳ ಕಲ್ಲು, ಬೇರುಗಳಿಗೆ ಅಂಟಿಕೊಂಡು ಬೆಳೆಯುವಂಥದ್ದು. ಎರಡೂ ನೆರಳಿನಲ್ಲಿ ನಿಧಾನವಾಗಿ ಬೆಳೆಯುವ ಗಿಡಗಳು. ಅವುಗಳಿಗೆ ಬೆಳಕು ಹೆಚ್ಚಿಸಿದ ಮಾತ್ರಕ್ಕೆ ಬೆಳವಣಿಗೆ ಹೆಚ್ಚುವುದಿಲ್ಲ, ಏಕೆಂದರೆ ಆ ಬೆಳಕನ್ನು ಬಳಸಿಕೊಳ್ಳಲು ಬೇಕಾದಷ್ಟು ಇಂಗಾಲದ ಡೈಆಕ್ಸೈಡ್ ಸಾಮಾನ್ಯ ತೊಟ್ಟಿಯ ನೀರಿನಲ್ಲಿ ಇರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಹಾಯಿಸುವ ವ್ಯವಸ್ಥೆ ತಮ್ಮ ಕಿಟ್‌ನಲ್ಲಿಲ್ಲ. ಗಿಡ ಬಳಸದೆ ಬಿಟ್ಟ ಬೆಳಕೂ ಗೊಬ್ಬರವೂ ಪಾಚಿಯ ಪಾಲಾಗುತ್ತವೆ.

ಇದನ್ನು ನನಗಿಂತ ಮೊದಲು ಗುರುತಿಸಿದವರು ನಮ್ಮ ಮಾವನವರು. ಮಲೇಬೆನ್ನೂರಿನ ಕಡೆ ಭದ್ರಾ ನಾಲೆಯ ನೀರಿನಲ್ಲಿ ಬಹಳ ವರ್ಷ ಭತ್ತ ಬೆಳೆದ ಅವರು ತೊಟ್ಟಿಯನ್ನು ನೋಡುತ್ತಾ, “ಗೊಬ್ಬರ ಹೆಚ್ಚಾಗಿ, ನೀರು ನಿಂತು, ಬಿಸ್ಲು ಬಿದ್ರೆ ಗದ್ದ್ಯಾಗೂ ಹಿಂಗೇ ಆಗ್ತತಿ ನೋಡವ್ವ” ಎಂದರು. ಆ ಮಾತನ್ನು ಅಂದೇ ಕೇಳಿದ್ದರೆ ಮುಂದಿನ ನಷ್ಟ ತಪ್ಪುತ್ತಿತ್ತು ಎಂಬ ನೋವು ನನಗಿದೆ. ಆದರೆ ಮುದ್ರಿತ ಕೈಪಿಡಿಯನ್ನೂ ಸಹಾಯವಾಣಿಯನ್ನೂ ನಾನು ನಂಬಿದೆ.

ಮಾರ್ಚ್ 22ರ ಸಂಜೆ, ಬಾಟಲಿಯ ಮೇಲೆ ಬರೆದಷ್ಟೇ ಪ್ರಮಾಣದ ಪಾಚಿನಾಶಕವನ್ನು ಅಳೆದು ಹಾಕಿದೆ. ಮಾರನೆಯ ಬೆಳಿಗ್ಗೆ ನೀರು ಕದಡಿತ್ತು, ಗಪ್ಪಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತಿದ್ದವು. ಒಂಬತ್ತರಲ್ಲಿ ಆರು ಅಂದೇ ಸತ್ತವು. ಗಿಡಗಳ ಜೊತೆ ಬಂದಿದ್ದ ಬಸವನಹುಳುಗಳಲ್ಲಿ ಒಂದೂ ಉಳಿಯಲಿಲ್ಲ. ದಾವಣಗೆರೆಯಲ್ಲಿ ಆ ಹೊತ್ತಿಗಾಗಲೇ ಬೇಸಿಗೆ ಏರಿರುತ್ತದೆ. ಅಂದು ತೊಟ್ಟಿಯ ನೀರಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಇತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಅದರ ಮೇಲೆ ರಾಶಿ ಪಾಚಿ ಒಮ್ಮೆಲೇ ಸತ್ತು ಕೊಳೆಯತೊಡಗಿದರೆ ಉಳಿದ ಆಮ್ಲಜನಕವನ್ನೂ ಆ ಕೊಳೆಯುವಿಕೆಯೇ ಹೀರಿಕೊಳ್ಳುತ್ತದೆ. ಮೊದಲು ಕೈಯಿಂದ ಪಾಚಿ ತೆಗೆಯಿರಿ, ಗಾಳಿಯ ಪಂಪ್ ಹಾಕಿರಿ, ನೀರು ಬದಲಿಸಲು ಸಿದ್ಧವಾಗಿರಿ ಎಂಬ ಒಂದು ಸಾಲಿನ ಎಚ್ಚರಿಕೆ ಬಾಟಲಿಯ ಮೇಲೆ ಇರಲಿಲ್ಲ. ಒಳಗಿರುವ ರಾಸಾಯನಿಕದ ಹೆಸರನ್ನು ಸಹ ಮುದ್ರಿಸಿಲ್ಲ. ತಾಮ್ರದ ಅಂಶವಿರುವ ಪಾಚಿನಾಶಕ ಬಸವನಹುಳು ಮತ್ತು ಸೀಗಡಿಗಳಿಗೆ ಮಾರಕವಾದ್ದರಿಂದ, ಅದರಲ್ಲಿ ತಾಮ್ರವಿದೆಯೇ ಇಲ್ಲವೇ ಎಂಬುದನ್ನು ತಾವು ಲಿಖಿತವಾಗಿ ತಿಳಿಸಬೇಕು.

ಏಪ್ರಿಲ್ 1ರಿಂದ ತಮ್ಮ ಸೂಚನೆಗಳನ್ನು ಬಿಟ್ಟೆ. 450 ರೂಪಾಯಿಯ ಟೈಮರ್ ತಂದು ಲೈಟನ್ನು ದಿನಕ್ಕೆ ಆರು ಗಂಟೆಗೆ ಇಳಿಸಿದೆ, ಮರದ ತುಂಡುಗಳ ಮೇಲಿಟ್ಟು ಲೈಟನ್ನು ಆರು ಇಂಚು ಎತ್ತರಿಸಿದೆ, ಕಿಟಕಿಗೆ ಪರದೆ ಹಾಕಿದೆ. ಗೊಬ್ಬರವನ್ನು ಕೈಪಿಡಿಯ ಪ್ರಮಾಣದ ಅರ್ಧಕ್ಕೆ ತಂದೆ. ಹಳೆಯ ಹಲ್ಲುಜ್ಜುವ ಬ್ರಷ್‌ಗೆ ನೂಲುಪಾಚಿಯನ್ನು ಸುತ್ತಿ ಸುತ್ತಿ ತೆಗೆದು, ಹಿಂದಿನ ರಾತ್ರಿ ತೆರೆದ ಬಕೆಟ್‌ನಲ್ಲಿ ಹಿಡಿದಿಟ್ಟ ನಲ್ಲಿ ನೀರಿನಿಂದ ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿದೆ. ಐದು ವಾರಗಳಲ್ಲಿ ಹೊಸ ಪಾಚಿ ಬರುವುದು ಬಹುಮಟ್ಟಿಗೆ ನಿಂತಿದೆ, ಕ್ರಿಪ್ಟೋಕೋರೈನ್ ಹೊಸ ಎಲೆ ಬಿಟ್ಟಿದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾರೆ. ಆದರೆ ಲೈಟನ್ನು ಇಳಿಸಿದ್ದೂ ಗೊಬ್ಬರವನ್ನು ಇಳಿಸಿದ್ದೂ ತಮ್ಮ ಸಲಹೆಗೆ ನೇರ ವಿರುದ್ಧವಾದವು.

ಏಪ್ರಿಲ್ 2 ಮತ್ತು 21ರಂದು ಇ-ಮೇಲ್ ಮೂಲಕ ಕಳುಹಿಸಿದ ದೂರುಗಳಿಗೆ ಉತ್ತರ ಬಂದಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕಾದುದು ಕುಂದುಕೊರತೆ ಅಧಿಕಾರಿಯ ಕರ್ತವ್ಯ.

ಆದ್ದರಿಂದ ಪ್ರಖರತೆ ತಗ್ಗಿಸಬಹುದಾದ ಲೈಟನ್ನು ಬದಲಿಗೆ ಕೊಡಬೇಕು ಇಲ್ಲವೇ ಈ ಲೈಟಿನ ಬೆಲೆಯನ್ನು ಹಿಂದಿರುಗಿಸಬೇಕು, ಪಾಚಿನಾಶಕದ 620 ರೂಪಾಯಿಯನ್ನೂ ಮರಳಿಸಬೇಕು ಎಂದು ಕೋರುತ್ತೇನೆ. ಸತ್ತ ಮೀನುಗಳಿಗೆ ನಾನು ಬೆಲೆ ಕೇಳುತ್ತಿಲ್ಲ. ಅದಕ್ಕೆ ಬದಲಾಗಿ, ಮತ್ತು ಹಣಕ್ಕಿಂತ ಮುಖ್ಯವಾಗಿ, ಮೂರನೆಯ ಪುಟದ ಆ ವಾಕ್ಯವನ್ನು ತೆಗೆದು, ಆರು ಗಂಟೆಯಿಂದ ಆರಂಭಿಸಿ ಗಿಡ ಮತ್ತು ಪಾಚಿಯನ್ನು ನೋಡಿಕೊಂಡು ಎಂಟು ಗಂಟೆಗೆ ಮೀರದಂತೆ ಹೆಚ್ಚಿಸಿ ಎಂದು ತಿದ್ದಬೇಕು. ಲೈಟಿನ ಪೆಟ್ಟಿಗೆಯ ಮೇಲೆ ವ್ಯಾಟ್ ಮಾತ್ರವಲ್ಲದೆ ಲ್ಯೂಮೆನ್ ಪ್ರಮಾಣವನ್ನೂ, ಅಂದರೆ ಲೈಟು ಒಟ್ಟು ಎಷ್ಟು ಬೆಳಕು ಸೂಸುತ್ತದೆ ಎಂಬುದನ್ನೂ, ಮುದ್ರಿಸಬೇಕು. ಇದೇ ಕಿಟ್ ಕೊಂಡಿರುವ ಎಲ್ಲ ಗ್ರಾಹಕರಿಗೂ ತಿದ್ದುಪಡಿಯನ್ನು ಕಳುಹಿಸಬೇಕು. ಅವರ ವಿಳಾಸಗಳು ತಮ್ಮ ಬಳಿ ಇವೆ, ಬೇಸಿಗೆ ಇನ್ನೂ ಮುಗಿದಿಲ್ಲ.

ಈ ಪತ್ರ ತಲುಪಿದ 30 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶವಿರುವುದರಿಂದ, ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಹೋಗುತ್ತೇನೆ. ಖರೀದಿಯ ಬಿಲ್ಲುಗಳು, ಕೈಪಿಡಿಯ ಮೂರನೆಯ ಪುಟದ ಪ್ರತಿ, ಪಾಚಿನಾಶಕದ ಬಾಟಲಿಯ ಚೀಟಿಯ ಚಿತ್ರ ಮತ್ತು ದಿನಾಂಕ ಸಹಿತವಾದ ತೊಟ್ಟಿಯ ಚಿತ್ರಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಇತಿ,
ತಮ್ಮ ವಿಶ್ವಾಸಿ,
(ಸಹಿ)