ನಮ್ಮ ಪುಟ್ಟನ ಜೊತೆ, ಆಮೇಲೆ ನಮ್ಮ ಜೊತೆ ನಿಂತವರಿಗೆ

ಎಲ್ಲರಿಗೂ ನಮಸ್ಕಾರ. ಹೋದ ವಾರ ಸೇನೆಯಲ್ಲಿದ್ದ ನನ್ನ ತಮ್ಮನ ಒಂದು ವರ್ಷದ ಪುಣ್ಯಸ್ಮರಣೆ ಮುಗಿಯಿತು. ಅದಕ್ಕೆ ಸ್ವಲ್ಪ ಮುಂಚೆ ಅಪ್ಪ ಅಮ್ಮ ದೆಹಲಿಗೆ ಹೋಗಿ, ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆ ಮೇಲೆ ಅವನ ಹೆಸರು ನೋಡಿ ಬಂದರು. ಈ ಎರಡೂ ಆಗುವವರೆಗೆ ಏನೂ ಬರೆಯುವುದು ಬೇಡ ಅಂದುಕೊಂಡಿದ್ದೆ. ಈಗ ಬರೆಯಲೇಬೇಕು, ಯಾಕೆಂದರೆ ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ, ಅವರಲ್ಲಿ ಅರ್ಧ ಜನರ ಹೆಸರೂ ನಮಗೆ ಗೊತ್ತಿಲ್ಲ.

ಪೇಪರಿನಲ್ಲಿ ಅವನು ಕ್ಯಾಪ್ಟನ್. ಮನೆಯಲ್ಲಿ ಪುಟ್ಟ. ಇಲ್ಲೂ ಪುಟ್ಟ ಅಂತಲೇ ಬರೆಯುತ್ತೇನೆ. ಪೂರ್ತಿ ಹೆಸರು ಬೇಕಾದಷ್ಟು ಫ್ಲೆಕ್ಸ್‌ಗಳ ಮೇಲೆ ಇದೆ, ಇಲ್ಲಿ ಬೇಡ ಅಂತ ಅಮ್ಮನೇ ಹೇಳಿದರು.

ಮೊದಲು ದಾರಿಯಲ್ಲಿ ನಿಂತವರಿಗೆ. ಯಲಹಂಕದ ವಾಯುನೆಲೆಯಿಂದ ಪುಟ್ಟನನ್ನು ಹೊತ್ತು ಹೊರಟ ಸೇನೆಯ ಗಾಡಿ ತುಮಕೂರು, ಗುಬ್ಬಿ, ತಿಪಟೂರು ದಾಟಿ ಅರಸೀಕೆರೆಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ನಾನು ಹಿಂದಿನ ಕಾರಿನಲ್ಲಿದ್ದೆ. ಗುಬ್ಬಿ ದಾಟಿದ ಮೇಲೆ ಒಂದು ಕಡೆ, ಯಾವ ಊರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ, ಗಾರ್ಮೆಂಟ್ಸ್ ಬಸ್ಸಿನಿಂದ ಇಳಿದ ಹೆಂಗಸರು ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡೇ ಸಾಲಾಗಿ ನಿಂತಿದ್ದರು. ಯಾರೂ ಕೂಗಲಿಲ್ಲ, ಮೊಬೈಲ್ ಎತ್ತಲಿಲ್ಲ, ಸುಮ್ನೆ ನಿಂತಿದ್ದರು ಅಷ್ಟೇ. ದಿನವೆಲ್ಲ ಮೆಷಿನ್ ಮುಂದೆ ಕೂತು ಬಂದವರು. ಮನೆಯಲ್ಲಿ ಅಡುಗೆ ಬಾಕಿ ಇರುತ್ತದೆ, ಮಕ್ಕಳು ಕಾಯುತ್ತಿರುತ್ತಾರೆ. ಇದನ್ನು ನೀವು ಯಾರಾದರೂ ಓದುತ್ತಿದ್ದರೆ, ಅಕ್ಕಂದಿರೇ, ನಿಮ್ಮನ್ನು ನೋಡಿದ ಮೇಲೆ ನಾನು ಆ ಕಾರಿನಲ್ಲಿ ನೆಟ್ಟಗೆ ಕೂತುಕೊಂಡೆ.

ಸುದ್ದಿ ಬಂದ ಬಗೆ ಮಾತ್ರ ಚೆನ್ನಾಗಿರಲಿಲ್ಲ. ಅವನ ಸಿ.ಓ., ಅಂದರೆ ಕಮಾಂಡಿಂಗ್ ಆಫೀಸರ್ ಸಾಹೇಬರು, ಅಪ್ಪನಿಗೆ ಫೋನ್ ಮಾಡಿ ಮಾತಾಡುತ್ತಿದ್ದಾಗಲೇ ಒಂದು ಚಾನೆಲ್‌ನಲ್ಲಿ ಅವನ ಫೋಟೋ ಬಂದುಬಿಟ್ಟಿತ್ತು. ಅಮ್ಮ ಅಡುಗೆಮನೆಯಲ್ಲಿದ್ದರು, ಟಿವಿ ಹಾಲ್‌ನಲ್ಲಿತ್ತು. ಪಕ್ಕದ ಮನೆ ಚಿಕ್ಕಮ್ಮ ಓಡಿ ಬಂದು, ಏನೂ ಮಾತಾಡದೆ, ಟಿವಿಯ ಪ್ಲಗ್ ಕಿತ್ತು ಹಾಕಿದರು. ಅಮ್ಮನಿಗೆ ವಿಷಯ ಅಪ್ಪನ ಬಾಯಿಂದಲೇ ಗೊತ್ತಾಯಿತು. ಇಷ್ಟು ಉಳಿದದ್ದು ಆ ಚಿಕ್ಕಮ್ಮನಿಂದ. ಚಾನೆಲ್‌ನವರಿಗೆ ನಾನು ಹೇಳುವುದು ಇಷ್ಟೇ: ಮನೆಯವರಿಗೆ ತಿಳಿದಿದೆಯಾ ಅಂತ ಒಂದು ಸಲ ಕೇಳಿ. ಹತ್ತು ನಿಮಿಷ ತಡವಾದರೆ ಯಾರ ಗಂಟೂ ಹೋಗಲ್ಲ.

ಊರಿನವರ ಬಗ್ಗೆ ಎಷ್ಟು ಬರೆದರೂ ಕಡಿಮೆ. ಶಾಲೆ ಮೈದಾನದಲ್ಲಿ ರಾತ್ರೋರಾತ್ರಿ ಶಾಮಿಯಾನ ಎದ್ದಿತು. ತೋಟದ ದಾರಿ ಕೆಸರಾಗಿತ್ತು, ಸೇನೆಯ ಗಾಡಿ ಬರುವುದಿಲ್ಲ ಅಂತ ಯಾರೋ ಹೇಳಿದ್ದೇ ತಡ, ಹುಡುಗರು ಟ್ರ್ಯಾಕ್ಟರಿನಲ್ಲಿ ಜಲ್ಲಿ ತಂದು ಸುರಿದರು. ಜಲ್ಲಿಯ ದುಡ್ಡು ಯಾರು ಕೊಟ್ಟರು ಅಂತ ಅಪ್ಪ ಇನ್ನೂ ಕೇಳುತ್ತಲೇ ಇದ್ದಾರೆ, ಒಬ್ಬರೂ ಬಾಯಿ ಬಿಡುತ್ತಿಲ್ಲ. ಪೊಲೀಸರು, ತಾಲ್ಲೂಕು ಕಚೇರಿಯವರು, ಊರೂರಿಂದ ಬಂದ ಮಾಜಿ ಸೈನಿಕರು, ನೀರು ಹಂಚಿದ ಮಕ್ಕಳು, ಎಲ್ಲರಿಗೂ ನಮಸ್ಕಾರ.

ಮಾಜಿ ಸೈನಿಕರೊಬ್ಬರು ಆ ದಿನ ಪೂರ್ತಿ ಅಪ್ಪನ ಪಕ್ಕದಲ್ಲೇ ನಿಂತು, ಮುಂದೆ ಏನಾಗುತ್ತದೆ ಅಂತ ಒಂದೊಂದಾಗಿ ಕಿವಿಯಲ್ಲಿ ಹೇಳುತ್ತಿದ್ದರು. ಈಗ ಬಂದೂಕು ತಲೆಕೆಳಗೆ ಹಿಡಿಯುತ್ತಾರೆ, ಈಗ ಮೂರು ಸುತ್ತು ಗುಂಡು, ಹೆದರಬೇಡಿ, ಆಮೇಲೆ ಬ್ಯೂಗಲ್. ಧ್ವಜವನ್ನು ಮಣ್ಣಿನೊಳಗೆ ಇಳಿಸುವ ಹಾಗಿಲ್ಲ, ಅದಕ್ಕೇ ಮಡಚಿ ನಿಮ್ಮ ಕೈಗೆ ಕೊಡುತ್ತಾರೆ, ಎರಡೂ ಕೈಯಲ್ಲಿ ತಗೊಳ್ಳಿ. ಅವರು ಹೀಗೆ ಹೇಳದಿದ್ದರೆ ಆ ಮೊದಲ ಗುಂಡಿಗೇ ಅಪ್ಪ ಕುಸಿಯುತ್ತಿದ್ದರು. ಇದೂ ಒಂದು ಸಹಾಯ ಅಂತ ನಮಗೆ ಆವತ್ತೇ ಗೊತ್ತಾಗಿದ್ದು.

ಪುಟ್ಟ ಸೇನೆಗೆ ಹೋಗುತ್ತೇನೆ ಅಂದಾಗ ನಮ್ಮ ಮನೆಯಲ್ಲಿ ಯಾರಿಗೂ ಇಷ್ಟ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ತೆಂಗಿನ ತೋಟ ಇತ್ತು, ಹಾಸನದಲ್ಲಿ ಎಂಜಿನಿಯರಿಂಗ್ ಮುಗಿಸಿದ್ದ, ಬೆಂಗಳೂರಿನಲ್ಲಿ ಕೆಲಸ ಸಿಗುತ್ತಿತ್ತು. ಎನ್‌ಸಿಸಿ ಸಿ ಸರ್ಟಿಫಿಕೇಟ್ ಇದ್ದದ್ದರಿಂದ ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿಗೆ ಹೋಗಬಹುದಿತ್ತು. ಅದು ಸೇನೆಯಲ್ಲಿ ಅಧಿಕಾರಿಯಾಗಬೇಕೆನ್ನುವವರಿಗೆ ಐದು ದಿನದ ಆಯ್ಕೆ. ಮೊದಲ ಸಲ ಮೊದಲ ದಿನವೇ ವಾಪಸ್ ಕಳಿಸಿದರು. ಬಂದವನು ಬೇಜಾರು ಮಾಡಿಕೊಳ್ಳಲಿಲ್ಲ, ಜೇನುಕಲ್ಲು ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುವುದನ್ನು ಇನ್ನೂ ಜಾಸ್ತಿ ಮಾಡಿದ. ಅಮ್ಮ ಅದೇ ಬೆಟ್ಟದ ಸಿದ್ದೇಶ್ವರನಿಗೆ, ಇವನಿಗೆ ಸೆಲೆಕ್ಷನ್ ಆಗದೇ ಇರಲಪ್ಪ ಅಂತ ಹರಕೆ ಹೊತ್ತಿದ್ದರಂತೆ. ಮುಂದಿನ ಸಲ ಆಯ್ತು. ಚೆನ್ನೈನ ಒಟಿಎಯಲ್ಲಿ, ಅಂದರೆ ಸೇನಾ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ, ತರಬೇತಿ ಮುಗಿದ ದಿನ ಹೆಗಲ ಮೇಲೆ ಸ್ಟಾರ್ ಹಾಕಿದ್ದು ಅದೇ ಅಮ್ಮ. ಅಲ್ಲಿನ ಪರೇಡ್ ಮೈದಾನಕ್ಕೆ ಪರಮೇಶ್ವರನ್ ಡ್ರಿಲ್ ಸ್ಕ್ವೇರ್ ಅಂತ ಹೆಸರು. 1987ರಲ್ಲಿ ಶ್ರೀಲಂಕಾದಲ್ಲಿ ತೀರಿಕೊಂಡು ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅದೇ ಅಕಾಡೆಮಿಯಲ್ಲಿ ತಯಾರಾದವರು. ಪುಟ್ಟ ಅದನ್ನು ಖುಷಿಯಿಂದ ತೋರಿಸಿದ್ದ. ಅಮ್ಮ ಮುಖ ತಿರುಗಿಸಿದ್ದರು.

ಅವನಿಗೆ ಸಿಕ್ಕಿದ್ದು ಡೋಗ್ರಾ ರೆಜಿಮೆಂಟ್. ಹಿಮಾಚಲ, ಜಮ್ಮು ಕಡೆಯ ಹುಡುಗರೇ ಜಾಸ್ತಿ. ಅರಸೀಕೆರೆ ಹುಡುಗ ಅಲ್ಲಿ ಹೋಗಿ ಅವರ ಮಾತು ಕಲಿತ, ಅವರ ಹಾಡು ಕಲಿತ, ‘ಜ್ವಾಲಾ ಮಾತಾ ಕೀ ಜೈ’ ಅಂತ ಅವರ ಜೊತೆ ಗಂಟಲು ಹರಿಯುವ ಹಾಗೆ ಕೂಗುವುದು ಕಲಿತ. ಆಮೇಲೆ ಅಲ್ಲಿಂದ ಉಗ್ರರ ವಿರುದ್ಧ ಹೋರಾಡುವ ರಾಷ್ಟ್ರೀಯ ರೈಫಲ್ಸ್‌ಗೆ, ಜಮ್ಮು ಕಡೆಯ ರಜೌರಿಯ ಕಾಡಿಗೆ. ಅಲ್ಲಿನ ಕೆಲಸದ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಕೇಳಿದರೆ ಇಲ್ಲಿ ಬಿದ್ದ ಮಳೆ, ಕೊಬ್ಬರಿ ರೇಟು, ನನ್ನ ಮಗಳ ಶಾಲೆ, ಇವನ್ನೇ ತಿರುಗಿಸಿ ಕೇಳುತ್ತಿದ್ದ.

ಅವನು ಅಲ್ಲಿ ಹೇಗಿದ್ದ ಅನ್ನುವುದು ನಮಗೆ ಗೊತ್ತಾಗಿದ್ದು ಅವನು ಹೋದ ಮೇಲೆ. ಇದಕ್ಕೆ ಅವನ ಕಂಪನಿಯ ಸುಬೇದಾರ್ ಸಾಹೇಬರಿಗೆ ಕೈ ಮುಗಿಯಬೇಕು. ಅವರಿಗೆ ಕನ್ನಡ ಬರಲ್ಲ, ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೆ, ಆದರೂ ಪ್ರತಿ ಭಾನುವಾರ ಫೋನ್ ಬರುತ್ತದೆ. ಮಾತು ಅರ್ಥವಾಗದಿದ್ದಾಗ ಇಬ್ಬರೂ ಸುಮ್ಮನಿರುತ್ತಾರೆ, ಫೋನ್ ಮಾತ್ರ ಇಡುವುದಿಲ್ಲ. ಪುಟ್ಟ ದೀಪಾವಳಿಗೆ ಊರಿಗೆ ಬರಲಿಲ್ಲ ಅಂತ ನಾವೆಲ್ಲ ಸಿಟ್ಟಾಗಿದ್ದೆವಲ್ಲ, ಆ ರಜೆಯನ್ನು ತಂಗಿಯ ಮದುವೆ ಇದ್ದ ಒಬ್ಬ ಜವಾನನಿಗೆ ಬಿಟ್ಟುಕೊಟ್ಟಿದ್ದನಂತೆ. ನಮಗೆ ಹೇಳಿದ್ದು, ರಜೆ ಸ್ಯಾಂಕ್ಷನ್ ಆಗಲಿಲ್ಲ ಅಂತ.

ಕೆಲವು ವಾರಗಳಾದ ಮೇಲೆ ಅವನ ಕಪ್ಪು ಟ್ರಂಕ್ ಬಂತು. ತೀರಿಕೊಂಡವರ ಸಾಮಾನು ಎಣಿಸಿ, ಪಟ್ಟಿ ಮಾಡಿ, ಮನೆಗೆ ತಲುಪಿಸಲು ಸೇನೆಯಲ್ಲಿ ಕಮಿಟಿ ಆಫ್ ಅಡ್ಜಸ್ಟ್‌ಮೆಂಟ್ ಅಂತ ಒಂದು ವ್ಯವಸ್ಥೆ ಇದೆ. ಪಟ್ಟಿಯಲ್ಲಿ ಎಲ್ಲವೂ ಇತ್ತು: ಓಡುವ ಶೂ, ಮುರಿದ ಬಾಚಣಿಗೆ, ಅಮ್ಮ ಕಳಿಸಿದ್ದ ಚಟ್ನಿಪುಡಿಯ ಖಾಲಿ ಡಬ್ಬಿ. ಆ ಖಾಲಿ ಡಬ್ಬಿಯನ್ನೂ ಎಸೆಯದೆ, ಪಟ್ಟಿಯಲ್ಲಿ ಬರೆದು, ಪೇಪರಿನಲ್ಲಿ ಸುತ್ತಿ ಇಟ್ಟಿದ್ದ ಆ ಅಧಿಕಾರಿ ಯಾರೋ, ಅವರಿಗೆ ಅಮ್ಮ ಹರಸಿದ್ದಾರೆ. ಜೊತೆಗೆ ಒಂದು ಸಣ್ಣ ಡೈರಿ. ಅದರಲ್ಲಿ ಅವನ ಬಗ್ಗೆ ಒಂದು ಸಾಲೂ ಇಲ್ಲ. ಒಬ್ಬೊಬ್ಬ ಜವಾನನಿಗೆ ಒಂದೊಂದು ಪುಟ. ಊರು, ಅಪ್ಪ ಅಮ್ಮನ ಆರೋಗ್ಯ, ಹೆಂಡತಿಗೆ ಹೆರಿಗೆ ಯಾವಾಗ, ಯಾರ ಮೇಲೆ ಸಾಲ ಇದೆ, ಯಾರ ಮಗುವಿಗೆ ಆರ್ಮಿ ಪಬ್ಲಿಕ್ ಸ್ಕೂಲಿನಲ್ಲಿ ಸೀಟು ಬೇಕು. ಒಂದು ಪುಟದಲ್ಲಿ ‘ಇವನು ಫೋನ್ ಬಂದ ದಿನ ಊಟ ಬಿಡುತ್ತಾನೆ, ಗಮನಿಸಬೇಕು’ ಅಂತ ಕನ್ನಡದಲ್ಲಿ ಬರೆದಿದ್ದ. ಕನ್ನಡದಲ್ಲಿ ಬರೆದದ್ದು ಬಹುಶಃ ಅಲ್ಲಿ ಬೇರೆ ಯಾರೂ ಓದಬಾರದು ಅಂತ.

ಅವನ ಕೊನೆಯ ದಿನದ ಬಗ್ಗೆ ತುಂಬಾ ಜನ ಕೇಳುತ್ತೀರಿ. ಗಾಯವಾಗಿ ಬಿದ್ದಿದ್ದ ಒಬ್ಬ ಜವಾನನನ್ನು ಬಂಡೆಯ ಮರೆಗೆ ಎಳೆದು ತರುವಾಗ ಅವನಿಗೆ ಗುಂಡು ಬಿತ್ತು. ಇದಕ್ಕಿಂತ ಜಾಸ್ತಿ ನಾನು ಬರೆಯಲ್ಲ. ಆ ಜವಾನ ಬದುಕಿದ್ದಾರೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಊರುಗೋಲು ಹಿಡಿದು, ರೈಲು ಬದಲಿಸಿ ಬದಲಿಸಿ ನಮ್ಮ ಮನೆಗೆ ಬಂದರು. ತಪ್ಪು ಮಾಡಿದವರ ಹಾಗೆ ಬಾಗಿಲ ಹತ್ತಿರವೇ ನಿಂತಿದ್ದರು, ಅಮ್ಮನ ಮುಖ ನೋಡುತ್ತಿರಲಿಲ್ಲ. ಅಮ್ಮ ಮೊದಲು ಕೇಳಿದ್ದು ಊಟ ಆಯ್ತಾ ಅಂತ. ಮುದ್ದೆ ತಿನ್ನುವುದು ಹೇಗೆ ಅಂತ ಗೊತ್ತಾಗದೆ ಅವರು ಅಗಿಯುತ್ತಿದ್ದರೆ, ‘ಅಗಿಬೇಡ ಕಣಪ್ಪ, ನುಂಗು’ ಅಂತ ಗದರಿದರು. ಮನೆಯಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕೇಳಿಸಿತು. ನಮ್ಮ ಹತ್ತಿರ ಬರಲು ಅವರಿಗೆ ಎಷ್ಟು ಧೈರ್ಯ ಬೇಕಾಗಿತ್ತೋ. ಬಂದದ್ದಕ್ಕೆ ಥ್ಯಾಂಕ್ಸ್, ತಮ್ಮಾ. ನಿಮ್ಮ ಮೇಲೆ ಈ ಮನೆಯಲ್ಲಿ ಯಾರಿಗೂ ಯಾವ ಬೇಸರವೂ ಇಲ್ಲ.

ಇನ್ನು ಕಾಗದಪತ್ರದ ಕೆಲಸ. ಇದು ಬರೆಯಲು ಬೋರು, ಆದರೆ ಜನ ದೂರ ಸರಿಯುವುದು ಸರಿಯಾಗಿ ಈ ಹೊತ್ತಿಗೇ. ಭಾಷಣ ಮಾಡಿದವರು ಭಾಷಣ ಮಾಡಿ ಹೋದರು, ಸೆಲ್ಫಿ ತೆಗೆದವರು ಸೆಲ್ಫಿ ತೆಗೆದು ಹೋದರು. ಆಮೇಲೆ ಮರಣ ಪ್ರಮಾಣಪತ್ರ, ಪಿಂಚಣಿ ಅರ್ಜಿ, ವಿಮೆ, ಅಪ್ಪ ಅಮ್ಮನ ಜಂಟಿ ಖಾತೆ, ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಸೈನಿಕ ಕಲ್ಯಾಣ ಕಚೇರಿಯ ಗುಮಾಸ್ತರೊಬ್ಬರು, ತಾವೂ ಮಾಜಿ ಹವಾಲ್ದಾರ್, ಪ್ರತಿ ಫಾರಂ ಅನ್ನೂ ಪೆನ್ಸಿಲಿನಲ್ಲಿ ತುಂಬಿಸಿಕೊಟ್ಟು, ಇದರ ಮೇಲೆ ಪೆನ್ನಿನಲ್ಲಿ ಬರೆಯಿರಿ ಅಂದರು. ಅಪ್ಪನನ್ನು ಒಂದು ದಿನವೂ ಸುಮ್ನೆ ಅಲೆಸಲಿಲ್ಲ. ಪುಟ್ಟನ ಬ್ಯಾಚಿನ ಹುಡುಗರು, ಎಲ್ಲೆಲ್ಲೋ ಪೋಸ್ಟಿಂಗ್‌ನಲ್ಲಿರುವವರು, ರಾತ್ರಿ ಹೊತ್ತು ಫೋನ್ ಮಾಡಿ ಯಾವ ಫೈಲ್ ಎಲ್ಲಿದೆ ಅಂತ ಹೇಳುತ್ತಿದ್ದರು. ಮಕ್ಕಳು ಸೇನೆಯಲ್ಲಿರುವ ಮನೆಯವರಿಗೆ ಒಂದು ಮಾತು: ಅವರು ಮುಂದಿನ ಸಲ ರಜೆಗೆ ಬಂದಾಗ ನಾಮಿನಿ ಹೆಸರು, ಎಲ್ಲರ ದಾಖಲೆಯ ಸ್ಪೆಲ್ಲಿಂಗ್ ಒಂದು ಸಲ ನೋಡಿಸಿಬಿಡಿ. ಅಪಶಕುನ ಅಂತ ಬಿಡಬೇಡಿ.

ಇನ್ನೊಂದು ವಿಷಯ. ನಮ್ಮ ಹೆಸರಿನಲ್ಲಿ ಯಾರೋ ಕ್ಯೂಆರ್ ಕೋಡ್ ಮಾಡಿ, ಹುತಾತ್ಮನ ಕುಟುಂಬಕ್ಕೆ ಸಹಾಯ ಮಾಡಿ ಅಂತ ವಾಟ್ಸಾಪಿನಲ್ಲಿ ಹಂಚಿದ್ದರು. ಅದನ್ನು ಮೊದಲು ನೋಡಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟ ಕಾಲೇಜು ಹುಡುಗಿಗೆ ಸ್ಪೆಷಲ್ ಥ್ಯಾಂಕ್ಸ್. ನಾವು ಯಾರ ಹತ್ತಿರವೂ ದುಡ್ಡು ಕೇಳಿಲ್ಲ, ಕೇಳುವುದೂ ಇಲ್ಲ. ಕೊಡಲೇಬೇಕು ಅನ್ನಿಸಿದರೆ ರಕ್ಷಣಾ ಸಚಿವಾಲಯ 2022ರಲ್ಲಿ ಶುರು ಮಾಡಿದ ‘ಮಾ ಭಾರತಿ ಕೆ ಸಪೂತ್’ ವೆಬ್‌ಸೈಟ್ ಇದೆ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಯೂ ಇದೆ, 1949ರಿಂದ ನಡೆದುಕೊಂಡು ಬಂದಿದೆ.

ನಮಗಿಂತ ಮುಂಚೆ ಇದೇ ದಾರಿ ನಡೆದ ಮನೆಗಳಿವೆ. 2008ರಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್, 2016ರಲ್ಲಿ ನಗ್ರೋಟಾದಲ್ಲಿ ಮೇಜರ್ ಅಕ್ಷಯ್ ಗಿರೀಶ್, 2023ರಲ್ಲಿ ರಜೌರಿಯಲ್ಲೇ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್. ಈ ಸುದ್ದಿ ಬಂದಾಗೆಲ್ಲ ನಾವೂ ಟಿವಿ ಮುಂದೆ ಕೂತು ಅಯ್ಯೋ ಅಂದವರೇ, ಮಾರನೇ ದಿನ ನಮ್ಮ ಕೆಲಸ ನೋಡಿಕೊಂಡವರೇ. ಮಗನನ್ನು ಕಳೆದುಕೊಂಡ ಒಬ್ಬ ತಾಯಿ, ಹೆಸರು ಬೇಡ ಅಂದಿದ್ದಾರೆ, ಬಸ್ಸಿನಲ್ಲಿ ಬಂದು ಒಂದು ರಾತ್ರಿ ನಮ್ಮ ಮನೆಯಲ್ಲಿ ಉಳಿದುಕೊಂಡರು. ಅಮ್ಮನಿಗೆ ಧೈರ್ಯ ತಗೋ, ಹೆಮ್ಮೆ ಪಡು ಅಂತ ಒಂದೂ ಹೇಳಲಿಲ್ಲ. ‘ನಿಮ್ಮ ಮಗ ಚಿಕ್ಕವನಿದ್ದಾಗ ತುಂಬಾ ತೊಂದ್ರೆ ಕೊಡ್ತಿದ್ನಾ?’ ಅಂತ ಕೇಳಿದರು. ಬೆಳಗಿನ ಜಾವದವರೆಗೆ ಇಬ್ಬರೂ ಮಾತಾಡಿದರು. ಅಲ್ಲಿಯವರೆಗೆ ಬಂದವರೆಲ್ಲ ವೀರನ ಬಗ್ಗೆಯೇ ಮಾತಾಡುತ್ತಿದ್ದರು, ಅಮ್ಮನಿಗೆ ಬೇಕಾಗಿದ್ದು ಪುಟ್ಟನ ಬಗ್ಗೆ ಮಾತಾಡುವವರು. ನಾನು ಇಷ್ಟುದ್ದ ಬರೆದು ಥ್ಯಾಂಕ್ಸ್ ಹೇಳುತ್ತಿರುವುದು ಜಾಸ್ತಿ ಅಂಥವರಿಗೇ.

ದೆಹಲಿಯ ಸ್ಮಾರಕ 2019ರಲ್ಲಿ ಉದ್ಘಾಟನೆಯಾದದ್ದು, ಇಂಡಿಯಾ ಗೇಟ್ ಪಕ್ಕದಲ್ಲೇ ಇದೆ. ಒಳಗೆ ತ್ಯಾಗ ಚಕ್ರ ಅನ್ನುವ ಸುತ್ತಿನಲ್ಲಿ ಸಾಲು ಸಾಲು ಗ್ರಾನೈಟ್ ಕಲ್ಲು, ಒಂದೊಂದು ಕಲ್ಲಿಗೂ ಒಂದು ಹೆಸರು. ಹುಡುಕುವುದಕ್ಕೆ ಯೂನಿಟ್ಟಿನಿಂದ ಬಂದಿದ್ದ ಹುಡುಗ ಸಹಾಯ ಮಾಡಿದ. ಸಂಜೆ ಅಲ್ಲಿ ದಿನವೂ ಒಂದು ಕುಟುಂಬದವರ ಕೈಯಿಂದ ಹೂವಿನ ಚಕ್ರ ಇಡಿಸುತ್ತಾರೆ, ಆವತ್ತು ಸರದಿ ಅಪ್ಪ ಅಮ್ಮನದು. ಎಲ್ಲಾ ಮುಗಿದ ಮೇಲೆ ಅಮ್ಮ ಸೀರೆ ಸೆರಗಿನಿಂದ ಪುಟ್ಟನ ಕಲ್ಲು ಒರೆಸಿದರು, ಆಮೇಲೆ ಅದರ ಅಕ್ಕಪಕ್ಕದ ಎರಡೂ ಕಲ್ಲು ಒರೆಸಿದರಂತೆ. ಕಾವಲಿಗಿದ್ದ ಜವಾನ ಏನೂ ಅನ್ನದೆ ಬಿಟ್ಟದ್ದಕ್ಕೆ ಅವರಿಗೂ ನಮಸ್ಕಾರ.

ಎಷ್ಟೋ ಜನರನ್ನು ಇಲ್ಲಿ ಬಿಟ್ಟಿರುತ್ತೇನೆ, ಬೇಜಾರು ಮಾಡ್ಕೋಬೇಡಿ. ಪುಟ್ಟನ ಫೋಟೋ, ಕಾಲೇಜಿನ ವಿಡಿಯೋ, ಅವನು ಕಳಿಸಿದ್ದ ವಾಯ್ಸ್ ಮೆಸೇಜ್ ಯಾರ ಹತ್ತಿರವಾದರೂ ಇದ್ದರೆ ನನಗೆ ಕಳಿಸಿ, ತಮಾಷೆಯದ್ದಾದರೂ ಪರವಾಗಿಲ್ಲ, ಬೈದಿದ್ದಾದರೂ ಸರಿ. ಮನೆಗೂ ಬನ್ನಿ. ಹೊರಡುವ ಮುಂಚೆ ಒಂದು ಫೋನ್ ಮಾಡಿ ಸಾಕು, ಅಮ್ಮ ಈಗ ಮಧ್ಯಾಹ್ನ ಸ್ವಲ್ಪ ಹೊತ್ತು ನಿದ್ದೆ ಮಾಡುತ್ತಾರೆ.